ಹುಳು ಮನೆಯ ರಾತ್ರಿ ಲೆಕ್ಕ: ಡ್ರೈವರ್ ಇಲ್ಲದ ಉಷ್ಣಾಂಶ ಸೆನ್ಸರ್ ಲಿನಕ್ಸ್‌ನಲ್ಲಿ ಮಾತಾಡಿದ ಪ್ರಕರಣ

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಪ್ಪನ ಹುಳು ಮನೆ ಇದೆ. ವರ್ಷಕ್ಕೆ ಐದಾರು ಬೆಳೆ ರೇಷ್ಮೆ ತೆಗೆಯುತ್ತಾರೆ. ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಚಿಕ್ಕಮ್ಮ ಒಂದು ಮಾತು ಹೇಳಿದರು.

"ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾತ್ರಿ ಸರಿಯಾಗಿ ತಿಂತಿಲ್ಲ ಕಣಪ್ಪ. ಬೆಳಗ್ಗೆ ನೋಡಿದ್ರೆ ಹಾಕಿದ ಸೊಪ್ಪು ಹಂಗೇ ಬಿದ್ದಿರುತ್ತೆ. ಚಳಿಗೇ ಇರಬೇಕು."

ಜ್ವರ ಅಂದರೆ ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಎದ್ದರೆ ಐದನೇ ಹಂತ, ಅದೇ ಕೊನೆಯದು. ಚಿಕ್ಕಪ್ಪ ಒಪ್ಪಲಿಲ್ಲ. ರಾತ್ರಿ ಒಂಬತ್ತಕ್ಕೆ ಇದ್ದಿಲು ಒಲೆ ಹಚ್ಚಿ ಥರ್ಮಾಮೀಟರ್ ನೋಡಿದರೆ 25 ಡಿಗ್ರಿ ಇರುತ್ತದೆ. ಬೆಳಗ್ಗೆ ಎಂಟೂವರೆಗೆ ನೋಡಿದರೆ 23. ಇನ್ನೇನು ಬೇಕು ಅಂತ ಅವರ ವಾದ. ಆದರೆ ಎಂಟೂವರೆಗೆ ಬಿಸಿಲು ಆಗಲೇ ಮೇಲಿನ ಶೀಟಿಗೆ ಬಿದ್ದಿರುತ್ತದೆ. ನಡುವಿನ ಹನ್ನೊಂದೂವರೆ ಗಂಟೆ ಆ ಮನೆಯೊಳಗೆ ಏನಾಗುತ್ತದೆ ಅಂತ ಯಾರೂ ನೋಡಿರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಚಾಕಿ (ಎಳೆಯ) ಹುಳುವಿಗೆ 27ರಿಂದ 28 ಡಿಗ್ರಿ ಬೇಕು. ಹುಳು ಬೆಳೆದಂತೆ ಅದು ಇಳಿಯುತ್ತಾ ಬಂದು ಐದನೇ ಹಂತಕ್ಕೆ 24ರ ಸುತ್ತ ನಿಲ್ಲಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ತಿನ್ನುವುದು ಈ ಕೊನೆಯ ಹಂತದಲ್ಲೇ. ಗೂಡಿನ ತೂಕ ಇಲ್ಲೇ ತೀರ್ಮಾನ ಆಗುತ್ತದೆ. ಆ ಏಳೆಂಟು ದಿನ ಹುಳು ರಾತ್ರಿ ಹೊಟ್ಟೆ ತುಂಬ ತಿನ್ನದಿದ್ದರೆ ನಷ್ಟ ಕಾಣುವುದು ಮಾರುಕಟ್ಟೆಯ ತಕ್ಕಡಿಯಲ್ಲಿ.

ನನ್ನ ಹತ್ತಿರ ಒಂದು ಹಳೇ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಅಗ್ಗದ ಯುಎಸ್‌ಬಿ ಉಷ್ಣಾಂಶ ಸೆನ್ಸರ್ ಕೊಂಡೆ. ನೋಡೋಕೆ ಪೆನ್‌ಡ್ರೈವ್ ಥರ. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬೋರ್ಡು. ಜೊತೆಗೆ ಒಂದು ಪುಟ್ಟ ಸಿಡಿ. ಸಿಡಿಯಲ್ಲಿದ್ದ ಪ್ರೋಗ್ರಾಂ ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ಗೆ ಡ್ರೈವರ್ (ಸಾಮಾನಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಂ) ಇರಲಿ, ಸೆನ್ಸರಿನ ಜೊತೆ ಹೇಗೆ ಮಾತಾಡಬೇಕು ಅನ್ನುವ ಒಂದು ಹಾಳೆಯೂ ಇರಲಿಲ್ಲ.

ಕೀಬೋರ್ಡ್ ಅಂತ ಹೇಳಿಕೊಂಡ ಥರ್ಮಾಮೀಟರ್

ಸೆನ್ಸರ್ ಚುಚ್ಚಿದ ತಕ್ಷಣ ಮೊದಲು ನೋಡಿದ್ದು ಕರ್ನಲ್ ಲಾಗ್, ಅಂದರೆ ಲಿನಕ್ಸ್‌ನ ತಿರುಳು ಬರೆದಿಡುವ ದಿನಚರಿ. ಡ್ರೈವರ್ ಇಲ್ಲ ಅಂತ ಕೈಚೆಲ್ಲುವ ಮೊದಲು ಎಲ್ಲರೂ ಇದನ್ನೊಮ್ಮೆ ಓದಬೇಕು ಅಂತ ನನ್ನ ಅನಿಸಿಕೆ. ಯುಎಸ್‌ಬಿ ಪಟ್ಟಿಯಲ್ಲಿ ಸೆನ್ಸರಿಗೆ ಹೆಸರಿರಲಿಲ್ಲ, ಬರೀ ಗುರುತಿನ ಸಂಖ್ಯೆ: 413ಡಿ:2107. ಆದರೆ ಲಾಗ್‌ನಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇತ್ತು. ಕರ್ನಲ್ ಇದನ್ನು ಒಂದು ಕೀಬೋರ್ಡ್ ಅಂತ ಗುರುತಿಸಿತ್ತು. ಜೊತೆಗೆ ಹಿಡ್‌ರಾ0, ಹಿಡ್‌ರಾ1 ಅಂತ ಎರಡು ಫೈಲುಗಳು ಹುಟ್ಟಿದ್ದವು.

ಇದಕ್ಕೆ ಕಾರಣ ಇದೆ. ಕೀಬೋರ್ಡು, ಮೌಸು, ಆಟದ ಜಾಯ್‌ಸ್ಟಿಕ್ಕು ಎಲ್ಲವೂ ಎಚ್‌ಐಡಿ ಅನ್ನುವ ಒಂದೇ ಗುಂಪಿಗೆ ಸೇರಿದವು. ಆ ಗುಂಪಿನ ಡ್ರೈವರ್ ಪ್ರತಿ ಕಂಪ್ಯೂಟರಿನಲ್ಲೂ ಮೊದಲೇ ಇರುತ್ತದೆ. ಸಣ್ಣ ಸಾಮಾನು ಮಾಡುವವರು ಬೇರೆ ಡ್ರೈವರ್ ಬರೆಯುವ ತಾಪತ್ರಯ ತಪ್ಪಿಸಿಕೊಳ್ಳೋಕೆ ತಮ್ಮ ಸಾಮಾನನ್ನು ಈ ಗುಂಪಿಗೆ ಸೇರಿಸಿಬಿಡುತ್ತಾರೆ. ಹಾಗಾಗಿ ತಂತಿ ಜೋಡಣೆ ಆಗಲೇ ಆಗಿಹೋಗಿತ್ತು. ಹಿಡ್‌ರಾ ಅಂದರೆ ಕರ್ನಲ್ ಏನೂ ಅರ್ಥ ಮಾಡಿಕೊಳ್ಳದೆ, ಬಂದ ಬೈಟುಗಳನ್ನು (ಒಂದೊಂದೂ 0ಯಿಂದ 255ರೊಳಗಿನ ಸಂಖ್ಯೆ) ಬಂದ ಹಾಗೇ ನಮ್ಮ ಕೈಗೆ ಕೊಡುವ ಕಿಂಡಿ. ಕಿಂಡಿ ತೆರೆದಿತ್ತು. ಅಲ್ಲಿ ಏನಂತ ಕೂಗಿದರೆ ಒಳಗಿನವರು ಓಗೊಡುತ್ತಾರೆ ಅನ್ನುವುದಷ್ಟೇ ಗೊತ್ತಿರಲಿಲ್ಲ.

ಕಿವಿಗೊಟ್ಟು ಕೇಳಿದ್ದು

ಗೊತ್ತಿರುವವರು ಮಾತಾಡುವುದನ್ನು ಕೇಳಿದರೆ ಆಯ್ತು, ಅಲ್ವಾ? ಸಿಡಿಯ ವಿಂಡೋಸ್ ಪ್ರೋಗ್ರಾಂಗೆ ಆ ಮಾತು ಗೊತ್ತು. ನನ್ನ ಕೆಲಸದ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಒಳಗೆ ಒಂದು ವಿಂಡೋಸ್ ಹಾಕಿ, ಸೆನ್ಸರನ್ನು ಅದಕ್ಕೆ ಒಪ್ಪಿಸಿದೆ. ಹೊರಗಿನ ಲಿನಕ್ಸ್‌ನಲ್ಲಿ ಯುಎಸ್‌ಬಿಮಾನ್ ಅನ್ನುವ, ಯುಎಸ್‌ಬಿ ಮಾತುಕತೆಗೆ ಕಿವಿಗೊಡುವ ಕರ್ನಲ್ ಮಾಡ್ಯೂಲ್ ಹಚ್ಚಿ, ಅದನ್ನು ಸಾಲುಸಾಲಾಗಿ ತೋರಿಸುವ ವೈರ್‌ಶಾರ್ಕ್ ತೆರೆದು ಕೂತೆ. ಒಳಗಿನ ವಿಂಡೋಸ್ ಏನೇ ಕಳಿಸಿದರೂ ಅದು ಹೊರಗಿನ ಲಿನಕ್ಸ್ ದಾಟಿಯೇ ಸೆನ್ಸರಿಗೆ ಹೋಗಬೇಕು. ದಾಟುವಾಗ ವೈರ್‌ಶಾರ್ಕ್‌ಗೆ ಕಾಣುತ್ತದೆ.

ಮೊದಮೊದಲು ಸಾಲುಗಳು ಸುರಿಯುತ್ತವೆ, ಏನೂ ತಿಳಿಯುವುದಿಲ್ಲ. ನಾನು ಪ್ರೋಗ್ರಾಮಿನಲ್ಲಿ ಅಳತೆಯ ಅಂತರವನ್ನು 10 ಸೆಕೆಂಡಿಗೆ ಇಟ್ಟೆ. ಆಮೇಲೆ ಸರಿಯಾಗಿ 10 ಸೆಕೆಂಡಿಗೊಮ್ಮೆ ಬರುವ ಸಾಲು ಯಾವುದು ಅಂತ ಹುಡುಕಿದೆ. ಸಿಕ್ಕಿತು. ಕಂಪ್ಯೂಟರಿನಿಂದ ಸೆನ್ಸರಿಗೆ ಹೋಗುತ್ತಿದ್ದ ಎಂಟು ಬೈಟು:

01 80 33 01 00 00 00 00

ಮರುಕ್ಷಣವೇ ಸೆನ್ಸರಿನಿಂದ ಬರುತ್ತಿದ್ದ ಎಂಟು ಬೈಟು:

80 80 09 92 4ಇ 20 00 00

ಆ ಹೊತ್ತಿಗೆ ವಿಂಡೋಸ್ ಪರದೆಯಲ್ಲಿ 24.50 ಅಂತ ಇತ್ತು. ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅಂಕಿ ಏರಿ 26.00 ಆದಾಗ ಉತ್ತರ ನೋಡಿದರೆ 80 80 0ಎ 28 4ಇ 20 00 00. ಬದಲಾಗಿದ್ದು ಮೂರನೇ, ನಾಲ್ಕನೇ ಬೈಟು ಮಾತ್ರ. ಇವು 16ರ ಲೆಕ್ಕದ ಅಂಕಿಗಳು; 10ರಿಂದ 15ರವರೆಗಿನದಕ್ಕೆ ಇಂಗ್ಲಿಷಿನ ಎಯಿಂದ ಎಫ್‌ವರೆಗಿನ ಅಕ್ಷರ. 09 ಅಂದರೆ 9. 92 ಅಂದರೆ 9×16+2, ಅಂದರೆ 146. ಮೊದಲಿನದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ 9×256+146 = 2450. ನೂರರಿಂದ ಭಾಗಿಸಿದರೆ 24.50. ಇನ್ನೊಂದನ್ನೂ ನೋಡಿದೆ: 10×256+40 = 2600, ಅಂದರೆ 26.00. ಎರಡೂ ಪರದೆಗೆ ಸರಿಯಾಗಿ ಕೂತವು. ಆ ರಾತ್ರಿ ಹಾಳೆಯ ಮೇಲೆ ಪೆನ್ನಿನಲ್ಲಿ ಈ ಗುಣಾಕಾರ ಮಾಡಿ ಸರಿಹೋದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಐದು ಮತ್ತು ಆರನೇ ಬೈಟು ಏನು? 4ಇ 20 ಅಂದರೆ 20000, ಅದೇ ಲೆಕ್ಕದಲ್ಲಿ 200.00 ಡಿಗ್ರಿ. ಅದು ಯಾವತ್ತೂ ಅಲುಗಲಿಲ್ಲ. ಇದೇ ಜಾತಿಯ ಕೆಲವು ಸೆನ್ಸರುಗಳಿಗೆ ಹೊರಗೆ ತಂತಿ ಕಟ್ಟಿದ ಇನ್ನೊಂದು ಸೆನ್ಸರ್ ಇರುತ್ತದೆ. ಇದಕ್ಕೆ ಅದಿಲ್ಲ. ಆ ಜಾಗದಲ್ಲಿ 'ಇಲ್ಲ' ಅನ್ನುವುದಕ್ಕೆ ಈ 200 ನಿಂತಿದೆ.

ಲಿನಕ್ಸ್‌ನಿಂದಲೇ ಕೇಳಿದಾಗ

ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಸಾಕಾಯಿತು. ಹಿಡ್‌ರಾ ಫೈಲ್ ತೆರೆಯುವುದು, ಎಂಟು ಬೈಟು ಬರೆಯುವುದು, ಎಂಟು ಬೈಟು ಓದುವುದು. ಒಂದು ಸೂಕ್ಷ್ಮ: ಹಿಡ್‌ರಾಗೆ ಬರೆಯುವಾಗ ಮೊದಲ ಬೈಟು ರಿಪೋರ್ಟಿನ (ಎಚ್‌ಐಡಿ ಸಾಮಾನಿನ ಜೊತೆ ಆಡುವ ಒಂದೊಂದು ಮಾತಿನ) ನಂಬರು. ನಂಬರಿಲ್ಲದ ಸಾಮಾನಿಗೆ ಅಲ್ಲಿ ಸೊನ್ನೆ ಇಡಬೇಕು. ಹಾಗಾಗಿ ನಾವು ಬರೆಯುವುದು ಒಂಬತ್ತು ಬೈಟು, ಸೆನ್ಸರಿಗೆ ತಲುಪುವುದು ಎಂಟು.

ಮೊದಲು ಹಿಡ್‌ರಾ0 ತೆರೆದೆ. ಪ್ರೋಗ್ರಾಂ ಓದುವ ಸಾಲಿಗೆ ಬಂದು ಹಾಗೇ ನಿಂತುಬಿಟ್ಟಿತು. ಉತ್ತರವೇ ಇಲ್ಲ. ಆ ಕಿಂಡಿ ಕೀಬೋರ್ಡ್ ವೇಷದ್ದು. ಅಳತೆ ಕೊಡುವುದು ಎರಡನೆಯದು. ಹಿಡ್‌ರಾ1ಕ್ಕೆ ಬದಲಿಸಿದ ಕೂಡಲೇ ಉತ್ತರ ಬಂತು. ಅವತ್ತಿನಿಂದ ಓದುವ ಮುಂಚೆ ಎರಡು ಸೆಕೆಂಡಿನ ಗಡುವು ಹಾಕಿದ್ದೇನೆ. ಇಲ್ಲದಿದ್ದರೆ ಸೆನ್ಸರ್ ಒಂದು ಸಲ ಸುಮ್ಮನಾದರೆ ಇಡೀ ರಾತ್ರಿಯ ಲೆಕ್ಕ ಹೋಗುತ್ತದೆ.

ನಂತರ ಸಿಕ್ಕ ತೊಡಕು ಎಷ್ಟೋ ಜನರಿಗೆ ಸಿಕ್ಕಿರುತ್ತದೆ ಅಂತ ಅನಿಸುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹಿಡ್‌ರಾ ಫೈಲು ರೂಟ್‌ಗೆ (ಲಿನಕ್ಸ್‌ನ ಯಜಮಾನ ಖಾತೆಗೆ) ಮಾತ್ರ ತೆರೆಯುತ್ತದೆ. ಜೊತೆಗೆ ಮೌಸ್ ಚುಚ್ಚಿ ಮತ್ತೆ ಆನ್ ಮಾಡಿದರೆ ನಂಬರು ಅದಲುಬದಲು ಆಗುತ್ತದೆ. ಎರಡಕ್ಕೂ ಮದ್ದು ಯುಡೆವ್ ನಿಯಮ. ಚುಚ್ಚಿದ ಸಾಮಾನಿಗೆ ಹೆಸರು, ಅನುಮತಿ ಕೊಡುವುದು ಲಿನಕ್ಸ್‌ನ ಯುಡೆವ್. ನಾನು ಒಂದೇ ಸಾಲಿನಲ್ಲಿ ಎರಡು ಷರತ್ತು ಬರೆದೆ: ತಯಾರಕರ ಸಂಖ್ಯೆ 413ಡಿ ಇರಬೇಕು, ಇಂಟರ್‌ಫೇಸ್ ಸಂಖ್ಯೆ (ಸೆನ್ಸರಿನ ಎರಡು ಕಿಂಡಿಗಳಲ್ಲಿ ಯಾವುದು ಅನ್ನುವುದು) 01 ಇರಬೇಕು. ನಿಯಮ ಹಿಡಿಯಲೇ ಇಲ್ಲ. ಅಕ್ಷರ ತಪ್ಪಿದೆಯಾ ಅಂತ ಅರ್ಧ ದಿನ ಹುಡುಕಿದೆ. ಅಕ್ಷರ ಸರಿಯಾಗೇ ಇತ್ತು. ಯುಡೆವ್‌ನಲ್ಲಿ ಮೇಲಿನ ತಲೆಮಾರಿನ ಗುಣ ನೋಡುವ ಷರತ್ತುಗಳು ಒಂದೇ ನಿಯಮದಲ್ಲಿದ್ದರೆ, ಅವೆಲ್ಲ ಒಬ್ಬನೇ ಹಿರಿಯನಲ್ಲಿ ಸಿಗಬೇಕು. ಇಂಟರ್‌ಫೇಸ್ ಸಂಖ್ಯೆ ಇರುವುದು ಅಪ್ಪನ ಹತ್ತಿರ ಅಂದುಕೊಂಡರೆ, ತಯಾರಕರ ಸಂಖ್ಯೆ ಇರುವುದು ತಾತನ ಹತ್ತಿರ. ಇಬ್ಬರ ಗುಣವನ್ನೂ ಒಂದೇ ಸಾಲಿನಲ್ಲಿ ಕೇಳಿದರೆ ಯಾರೂ ಸಿಗುವುದಿಲ್ಲ. ನಿಯಮವನ್ನು ಎರಡು ಸಾಲಾಗಿ ಒಡೆದೆ. ಮೊದಲ ಸಾಲು ತಯಾರಕರ ಸಂಖ್ಯೆ ನೋಡಿ ಅನುಮತಿ ಕೊಟ್ಟು ಒಂದು ಗುರುತು ಹಚ್ಚುತ್ತದೆ. ಎರಡನೆಯದು ಆ ಗುರುತು ಇದ್ದು, ಇಂಟರ್‌ಫೇಸ್ 01 ಇದ್ದರೆ 'ಹುಳುಮನೆ' ಅನ್ನುವ ಅರ್ಥ ಬರುವ ಒಂದು ಖಾಯಂ ಹೆಸರು ಕೊಡುತ್ತದೆ. ಸೆನ್ಸರ್ ಕಿತ್ತು ಮತ್ತೆ ಚುಚ್ಚಿದೆ. ಹೆಸರು ಬಂದು ಕೂತಿತು.

ಇನ್ನೊಂದು ಅಂಕಿ ನನ್ನನ್ನು ತುಂಬ ಹೊತ್ತು ಕಾಡಿತು. ಪ್ರೋಗ್ರಾಂ ಶುರುವಾದಾಗ ಮೊದಲ ಅಳತೆ ಮಾತ್ರ 244.06 ಡಿಗ್ರಿ ತೋರಿಸುತ್ತಿತ್ತು. ಪ್ರತಿ ಸಲವೂ ಅದೇ ಅಂಕಿ. ಹಾಳಾದ ಸೆನ್ಸರ್ ಹೀಗೆ ಒಂದೇ ಅಂಕಿಗೆ ಅಂಟಿಕೊಳ್ಳುವುದಿಲ್ಲ, ಇದಕ್ಕೆ ಬೇರೆ ಅರ್ಥ ಇರಲೇಬೇಕು ಅನಿಸಿತು. ನಾನು ಶುರುವಿನಲ್ಲಿ 01 86 ಎಫ್‌ಎಫ್ 01 ಅಂತ ಇನ್ನೊಂದು ಪ್ರಶ್ನೆ ಕಳಿಸುತ್ತಿದ್ದೆ. ಅದಕ್ಕೆ ಸೆನ್ಸರ್ ತನ್ನ ಮಾದರಿಯ ಹೆಸರನ್ನೂ ಆವೃತ್ತಿಯನ್ನೂ ಹೇಳುತ್ತದೆ. ಆ ಹೆಸರು 16 ಅಕ್ಷರ, ಎಂಟೆಂಟರ ಎರಡು ತುಂಡಾಗಿ ಬರುತ್ತದೆ. ನಾನು ಒಂದೇ ತುಂಡು ಓದಿ ಮುಂದೆ ಹೋಗುತ್ತಿದ್ದೆ. ಉಳಿದ ತುಂಡು ಸಾಲಿನಲ್ಲಿ ಕಾಯುತ್ತಿತ್ತು, ಅದನ್ನೇ ಉಷ್ಣಾಂಶ ಅಂತ ಓದಿಕೊಳ್ಳುತ್ತಿದ್ದೆ. ಆ ತುಂಡಿನ ಮೂರನೇ ಅಕ್ಷರ ಅಡಿಗೆರೆ, ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಅದರ ಸಂಖ್ಯೆ 95. ನಾಲ್ಕನೆಯದು ಇಂಗ್ಲಿಷಿನ 'ವಿ', ಅದರದು 86. 95×256+86 = 24406. ನೂರರಿಂದ ಭಾಗಿಸಿ ನೋಡಿ. ಎರಡೂ ತುಂಡು ಓದಿದ ಮೇಲೆ ಕಾಟ ನಿಂತಿತು.

ಅಂಕಿ ಬಂತು, ಆದರೆ ಸುಳ್ಳು

ಮುಂದಿನ ಶನಿವಾರ ಹಳೇ ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋದೆ. ಹುಳು ಮನೆಯಲ್ಲಿ ಒಂದು ಸ್ಟೂಲಿನ ಮೇಲೆ ಇಟ್ಟು ಆನ್ ಮಾಡಿದೆ. ಮೊದಲ ಅಳತೆ 25.1. ಗೋಡೆಯ ಥರ್ಮಾಮೀಟರ್ 24.5. ಪರವಾಗಿಲ್ಲ ಅಂದುಕೊಂಡು ಸೊಪ್ಪು ಹಾಕೋಕೆ ಹೋದೆ. ಒಂದು ಗಂಟೆ ಬಿಟ್ಟು ಬಂದರೆ ಸೆನ್ಸರ್ 28.9 ಹೇಳುತ್ತಿದೆ. ಗೋಡೆಯದು ಅದೇ 24.5.

ಚಿಕ್ಕಪ್ಪ ಎರಡನ್ನೂ ನೋಡಿದರು. "ಯಾವ್ದನ್ನ ನಂಬಬೇಕಪ್ಪ ಈಗ?" ಅಂದರು.

ಸರಿಯಾದ ಪ್ರಶ್ನೆ. ಮೊದಲು ಗೋಡೆಯದನ್ನೇ ಪರೀಕ್ಷೆ ಮಾಡೋಣ ಅಂದೆ. ಅದು ಒಣ ಬಲ್ಬು, ಹಸಿ ಬಲ್ಬು ಎರಡೂ ಇರುವ ಹಳೇ ಮಾದರಿ. ಒಣ ಬಲ್ಬಿನ ಗಾಜಿನ ಕೊಳವೆ ಹಲಗೆಯಿಂದ ಬಿಚ್ಚಿಕೊಳ್ಳುತ್ತದೆ. ಸೋಡಾ ಅಂಗಡಿಯಿಂದ ಐಸ್ ತಂದು, ಕುಟ್ಟಿ ಪುಡಿ ಮಾಡಿ, ಲೋಟದಲ್ಲಿ ಸ್ವಲ್ಪ ನೀರು ಸೇರಿಸಿ ಕಲಕಿದೆವು. ಕರಗುತ್ತಿರುವ ಐಸಿನ ಉಷ್ಣಾಂಶ ಸೊನ್ನೆ. ಕೊಳವೆ ಅದ್ದಿ ಐದು ನಿಮಿಷ ಬಿಟ್ಟೆವು. ಪಾದರಸ ಸೊನ್ನೆಯ ಗೆರೆಗೆ ಬಂದು ನಿಂತಿತು. ಚಿಕ್ಕಪ್ಪನ ಥರ್ಮಾಮೀಟರ್ ಸತ್ಯ ಹೇಳುತ್ತಿತ್ತು.

ತಪ್ಪು ಸೆನ್ಸರಿನದೂ ಅಲ್ಲ. ಅದು ತಾನಿರುವ ಜಾಗದ ಬಿಸಿಯನ್ನು ಸರಿಯಾಗೇ ಹೇಳುತ್ತಿತ್ತು. ಆ ಜಾಗ ಲ್ಯಾಪ್‌ಟಾಪಿನ ಪಕ್ಕೆ. ಒಳಗಿನ ಬಿಸಿ ಯುಎಸ್‌ಬಿ ಕಿಂಡಿಯ ಲೋಹದಿಂದ ನೇರವಾಗಿ ಸೆನ್ಸರಿಗೆ ಇಳಿಯುತ್ತಿತ್ತು. ಬೆರಳಿಟ್ಟು ನೋಡಿದರೆ ಕೈಗೇ ಗೊತ್ತಾಗುತ್ತಿತ್ತು.

ಲ್ಯಾಪ್‌ಟಾಪನ್ನು ಒಳಗೆ ಇಡುವುದೂ ಒಳ್ಳೆಯದಲ್ಲ. ಜ್ವರಕ್ಕೆ ಕೂತಾಗ ಹಾಸಿಗೆಗೆ ಸುಣ್ಣದ ಪುಡಿ ಎರಚುತ್ತಾರೆ, ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹೊಡೆಯುತ್ತಾರೆ. ಅದನ್ನು ಮುಂದಿನ ಕೋಣೆಗೆ ಸಾಗಿಸಿ, ವೈರಿನಲ್ಲಿ ಸೆನ್ಸರನ್ನು ಮಾತ್ರ ಒಳಗೆ ಬಿಡೋಣ ಅಂತ ತೀರ್ಮಾನ ಆಯಿತು. ಪೇಟೆಯಲ್ಲಿ ಸಿಕ್ಕ 10 ಮೀಟರ್ ಯುಎಸ್‌ಬಿ ವೈರು ಹಾಕಿದರೆ ಸೆನ್ಸರ್ ಕಾಣಿಸಲೇ ಇಲ್ಲ. ಯುಎಸ್‌ಬಿ 2.0 ವೈರಿಗೆ 5 ಮೀಟರೇ ಮಿತಿ, ಅದನ್ನು ದಾಟಿದರೆ ಕೆಲಸ ಮಾಡುತ್ತದೆ ಅನ್ನೋ ಭರವಸೆ ಇಲ್ಲ. 3 ಮೀಟರಿನದು ತಂದೆವು. ಕಿಟಕಿಯ ಜಾಲರಿಯ ಮೂಲೆಯಿಂದ ತೂರಿಸಿ, ಮಧ್ಯದ ಸ್ಟ್ಯಾಂಡಿನ ಎರಡನೇ ಅಂತಸ್ತಿನ ಪಕ್ಕ, ಹುಳುಗಳ ಮಟ್ಟಕ್ಕೆ ಸೆನ್ಸರ್ ತೂಗುಬಿಟ್ಟೆ.

ಅರ್ಧ ಗಂಟೆ ಬಿಟ್ಟು ನೋಡಿದರೆ ಸೆನ್ಸರ್ 25.1, ಗೋಡೆಯದು 24.5. ಸಂಜೆ 26.6 ಮತ್ತು 26. ಬೆಳಗ್ಗೆ 21.6 ಮತ್ತು 21. ವ್ಯತ್ಯಾಸ 0.6ಕ್ಕೇ ನಿಂತಿತ್ತು. ಬೋರ್ಡಿನ ಸ್ವಂತ ಬಿಸಿ ಇರಬಹುದು. ಏರಿಳಿಯದ ವ್ಯತ್ಯಾಸ ಆದ್ದರಿಂದ ಪ್ರೋಗ್ರಾಮಿನಲ್ಲೇ 0.6 ಕಳೆದುಬಿಟ್ಟೆ.

ಏಳು ರಾತ್ರಿ

ಐದು ನಿಮಿಷಕ್ಕೊಮ್ಮೆ ಒಂದು ಸಾಲು: ದಿನ, ಹೊತ್ತು, ಡಿಗ್ರಿ. ಹೊತ್ತುಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ಒಪ್ಪಿಸಿ ಬೆಂಗಳೂರಿಗೆ ಬಂದೆ. ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಒಂದೂವರೆ ಗಂಟೆ ತಡೆಯುತ್ತಿತ್ತು. ಮುಂದಿನ ವಾರ ಹೋಗಿ ಅಂಕಿಗಳನ್ನು ಒಂದು ಹಾಳೆಯ ಮೇಲೆ ಗೆರೆಯಾಗಿ ಬರೆದು ಚಿಕ್ಕಪ್ಪನ ಮುಂದಿಟ್ಟೆ.

ಏಳೂ ರಾತ್ರಿ ಒಂದೇ ಆಕಾರ. ಒಂಬತ್ತಕ್ಕೆ 25. ಒಂದು ಗಂಟೆವರೆಗೂ 24ರ ಮೇಲೇ. ಒಂದೂಕಾಲಿಗೆ ಇದ್ದಿಲು ಆರುತ್ತದೆ, ಅಲ್ಲಿಂದ ಗೆರೆ ಜಾರುಬಂಡೆ ಥರ ಇಳಿಯುತ್ತದೆ. ಐದೂ ಮುಕ್ಕಾಲಿಗೆ 19.2. ಏಳೂವರೆಗೆ ಶೀಟು ಕಾಯೋಕೆ ಶುರುವಾಗಿ, ಎಂಟೂವರೆಗೆ ಮತ್ತೆ 23. ಅಂದರೆ ಚಿಕ್ಕಪ್ಪ ನೋಡಿದ ಎರಡು ಹೊತ್ತೂ ನಿಜ. ಚಿಕ್ಕಮ್ಮ ಹೇಳಿದ್ದೂ ನಿಜ.

ಚಿಕ್ಕಪ್ಪ ಆ ಹಾಳೆಯ ತಗ್ಗಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ತಿರುಗಿ, "ಏನೇ, ನೀನ್ ಹೇಳಿದ್ದೇ ಸರಿ" ಅಂದರು.

ರಾತ್ರಿ ಎದ್ದು ಇನ್ನಷ್ಟು ಇದ್ದಿಲು ಸುರಿಯೋಣ ಅನ್ನುವ ಮಾತು ಮೊದಲು ಬಂತು. ನಾನು ಬೇಡ ಅಂದೆ. ಮುಚ್ಚಿದ ಮನೆಯಲ್ಲಿ ಇದ್ದಿಲಿನ ಗಾಳಿ ಹುಳುವಿಗೂ ಕೆಟ್ಟದ್ದು, ಒಳಗೆ ಹೋಗುವ ಮನುಷ್ಯರ ಜೀವಕ್ಕೂ ಅಪಾಯ. ಕಿಟಕಿಗಳ ಕೆಳಗಿನ ಅರ್ಧಕ್ಕೆ ಗೋಣಿ ಪರದೆ ಬಿಟ್ಟು, ಮೇಲಿನ ಗಾಳಿಕಿಂಡಿ ತೆರೆದೇ ಇಟ್ಟೆವು. ಒಂದು ಕರೆಂಟ್ ಹೀಟರನ್ನು ಟೈಮರಿಗೆ ಹಾಕಿ ಒಂದು ಗಂಟೆಯಿಂದ ಆರರವರೆಗೆ ಓಡಿಸಿದೆವು. ಮುಂದಿನ ರಾತ್ರಿಗಳಲ್ಲಿ ತಗ್ಗು 22.3ರ ಕೆಳಗೆ ಹೋಗಲಿಲ್ಲ. ಬೆಳಗ್ಗೆ ಉಳಿಯುವ ಸೊಪ್ಪು ಕಮ್ಮಿ ಆಗಿದೆ ಅಂತ ಮೂರನೇ ದಿನ ಚಿಕ್ಕಮ್ಮನೇ ಫೋನ್ ಮಾಡಿ ಹೇಳಿದರು.

ಎರಡನೇ ಸೆನ್ಸರ್

ಅದೇ ಫೋನಿನಲ್ಲಿ ಚಿಕ್ಕಮ್ಮ ಕೇಳಿದರು: "ಬಾಗಿಲ ಹತ್ರಕ್ಕೂ ಒಂದು ಹಾಕೋಕಾಗುತ್ತಾ? ಅಲ್ಲಿ ಕಾಲಿಗೆ ಚಳಿ ಜಾಸ್ತಿ ಹತ್ತುತ್ತೆ."

ಅದೇ ಅಂಗಡಿಗೆ ಹೋಗಿ ಅದೇ ಥರದ್ದು ಇನ್ನೊಂದು ತಂದೆ. ಹೊರಗಿನ ಪ್ಲಾಸ್ಟಿಕ್ ಒಂದೇ ಅಚ್ಚು. ಚುಚ್ಚಿ ನೋಡಿದರೆ ಗುರುತಿನ ಸಂಖ್ಯೆಯೇ ಬೇರೆ: 0ಸಿ45:7401. ಅದೇ ಪ್ರಶ್ನೆ ಕಳಿಸಿದೆ, 01 80 33 01. ಉತ್ತರ ಬಂತು:

80 02 18 80 65 72 46 31

ನನ್ನ ಹಳೇ ಲೆಕ್ಕ ಹಾಕಿದರೆ 62.72 ಡಿಗ್ರಿ. ಆದರೆ 18 ಅಂದರೆ 24, 80 ಅಂದರೆ 128. 128 ಅನ್ನುವುದು 256ರ ಅರ್ಧ. ಇಲ್ಲಿ ನೂರರ ಬದಲು 256ರಿಂದ ಭಾಗಿಸಬೇಕು: ಮೊದಲ ಬೈಟು ಪೂರ್ಣ ಡಿಗ್ರಿ, ಎರಡನೆಯದು ಅದರ ಚೂರು. ಉತ್ತರ 24.5. ಪಕ್ಕದಲ್ಲಿಟ್ಟ ಮೊದಲ ಸೆನ್ಸರೂ ಅದರ ಆಸುಪಾಸಿನಲ್ಲೇ ಇತ್ತು. ಉಳಿದ ನಾಲ್ಕು ಬೈಟು 65 72 46 31 ಅಕ್ಷರಗಳು. ಅವು ಆ ಸೆನ್ಸರಿನ ಹೆಸರಿನ ಕೊನೆಯ ನಾಲ್ಕು ಅಕ್ಷರ. ಹೆಸರಿದ್ದ ಜಾಗದ ಮೊದಲರ್ಧಕ್ಕೆ ಅಳತೆ ಬರೆದು, ಉಳಿದರ್ಧ ಅಳಿಸದೆ ಕಳಿಸುತ್ತದೆ. ಅವನ್ನು ಓದದೆ ಬಿಡಬೇಕು.

ಪ್ರೋಗ್ರಾಂ ಈಗ ಗುರುತಿನ ಸಂಖ್ಯೆ ನೋಡಿ ಯಾವುದರಿಂದ ಭಾಗಿಸಬೇಕು ಅಂತ ಆರಿಸಿಕೊಳ್ಳುತ್ತದೆ. 15ರಿಂದ 35 ಡಿಗ್ರಿಯ ಹೊರಗಿನ ಅಂಕಿ ಬಂದರೆ ಅದನ್ನು ಅಳತೆಯ ಕಾಲಂಗೆ ಸೇರಿಸದೆ, ಬಂದ ಎಂಟೂ ಬೈಟನ್ನು ಬೇರೆ ಫೈಲಿಗೆ ಹಾಗೇ ಬರೆದಿಡುತ್ತದೆ. ಬೇರೆ ಸಂಖ್ಯೆಯ ಮೂರನೆಯದು ಸಿಕ್ಕರೆ ಅಲ್ಲಿಂದಲೇ ಬಿಡಿಸಬಹುದು.

ಲೆಕ್ಕದ ಫೈಲಿನಲ್ಲಿ ಎರಡು ಕಾಲಂ ಆಯಿತು, 'ಒಳಗೆ' ಮತ್ತು 'ಬಾಗಿಲು'. ಮೊದಲ ರಾತ್ರಿಯೇ ಬಾಗಿಲಿನ ಕಡೆ 1.8 ಡಿಗ್ರಿ ಕಮ್ಮಿ ಬಂತು. ಬೆಳಗ್ಗೆ ಚಿಕ್ಕಮ್ಮ ಬಾಗಿಲ ಪಕ್ಕದ ಸ್ಟ್ಯಾಂಡಿನ ಕೆಳಗಿನ ಅಂತಸ್ತನ್ನು ಖಾಲಿ ಮಾಡಿ, ಆ ಹುಳುಗಳನ್ನು ರೆಂಬೆ ಸಮೇತ ಎತ್ತಿ ಒಳಗಿನ ಸಾಲಿಗೆ ಹಂಚಿದರು.